ಊಟಕ್ಕೆ ಮುಂಚೆ ಹೇಳಬೇಕಾದ ಮಾತು

ಜನವರಿ 13, ಮಂಗಳವಾರ

ಅಂತರಸನಹಳ್ಳಿ ಶೆಡ್. ಬೆಳಗಿನಿಂದ ಕಸ್ಟಮರ್‌ಗಳ ಫೋನೇ ಫೋನು. ಎಲ್ಲ ಪಾರ್ಟ್‌ನರ್ ಅಂಜನ್‌ಗೆ ಹೋಗಬೇಕಾದವು. ಅವನು ಎತ್ತುವುದಿಲ್ಲ, ನನಗೆ ಬರುತ್ತವೆ. ಮೊಬೈಲಿನಿಂದ ಪಂಪ್ ಆನ್ ಮಾಡುವ ಸ್ಟಾರ್ಟರ್ ತಯಾರಿಸುವುದು ನಾನು, ತೋಟಕ್ಕೆ ಹೋಗಿ ಫಿಟ್ ಮಾಡಿ ಸರ್ವಿಸ್ ನೋಡಿಕೊಳ್ಳುವುದು ಅವನು — ಕಾಲೇಜು ಮುಗಿಸಿ ಕಂಪನಿ ಶುರು ಮಾಡಿದಾಗ ಹಾಗೆ ಹಂಚಿಕೊಂಡಿದ್ದೆವು. ಈಗ ತಯಾರಿಸುವುದೂ ನಾನು, ಬೈಸಿಕೊಳ್ಳುವುದೂ ನಾನು.

ಕುಣಿಗಲ್‌ನ ರೈತ ಉತ್ಪಾದಕರ ಕಂಪನಿಯ ದೊಡ್ಡ ಆರ್ಡರ್ ಬರುವುದರಲ್ಲಿದೆ. ಅಲ್ಲಿನ ರೇಣುಕಾಪ್ರಸಾದ್ ಇವತ್ತು ಖಡಾಖಂಡಿತ ಹೇಳಿಬಿಟ್ಟರು. "ಮುಬಶ್ಶಿರಾ, ನಿಮ್ ಪಾರ್ಟ್‌ನರ್‌ನ ನಂಬ್ಕೊಂಡು ನಾನು ಆರ್ಡರ್ ಕೊಡಕ್ಕಾಗಲ್ಲಮ್ಮ."

ಅದು ಕೈತಪ್ಪಿದರೆ ಶೆಡ್ಡಿಗೆ ಬೀಗ. ಅಂಜನ್ ಹೋಗಬೇಕು. ಹೇಳಬೇಕಾದವಳು ನಾನು.

ಜನವರಿ 18, ಭಾನುವಾರ

ಫೋನಲ್ಲಿ ಹೇಳುವ ಮಾತಲ್ಲ; ಬರ್ತೀನಿ ಅಂತ ಮೆಸೇಜ್ ಹಾಕಿ ಗುಬ್ಬಿಗೆ, ಅವನ ಮನೆಗೇ ಹೋದೆ. ಬಾಯಿ ತೆರೆಯುವ ಮೊದಲೇ ಅವನ ಅಮ್ಮ ಮಹಾಲಕ್ಷ್ಮಮ್ಮ ಎಲೆ ಹಾಕಿದರು. ಒಬ್ಬಟ್ಟು, ಮೇಲೆ ತುಪ್ಪ. ಆಕೆಯ ಕೈಯಲ್ಲಿ ಬಡಿಸಿಕೊಂಡು ಉಂಡು, ಕೈ ತೊಳೆದು, ನಿಮ್ಮ ಮಗನನ್ನು ತೆಗೆದಿದ್ದೇನೆ ಅನ್ನುವುದು ಹೇಗೆ? ಬಿಸಿಲು, ಮದುವೆ, ಮಣ್ಣು ಮಸಿ ಮಾತಾಡಿ ಬಸ್ ಹತ್ತಿದೆ.

ಫೆಬ್ರವರಿ 1, ಭಾನುವಾರ

ಮತ್ತೆ ಗುಬ್ಬಿ. ಊಟದ ಹೊತ್ತು ತಪ್ಪಿಸೋಣ ಅಂತ ಬೆಳಿಗ್ಗೆಯೇ ಹೋದೆ. ಹಿತಕಿದ ಬೇಳೆ ಸಾರು, ಮುದ್ದೆ, ಆಗಲೇ ರೆಡಿ. ಉಂಡೆ. ಬಂದೆ.

ಬಟವಾಡಿಯ ನಮ್ಮ ಮನೆಯಲ್ಲಿ ಅಮ್ಮಿ ಹತ್ತಿರ ಗೋಳು ಹೇಳಿಕೊಂಡೆ. ಅಮ್ಮಿ ನಕ್ಕುಬಿಟ್ಟರು. "ರಂಜಾನ್ ಬರ್ಲಿ ಬಿಡು. ರೋಜಾ ಇರೋಳಿಗೆ ಯಾರು ಬಡಿಸ್ತಾರೆ?"

ಫೆಬ್ರವರಿ 9

ಕುಣಿಗಲ್‌ನಿಂದ ಕೊನೆಯ ಮಾತು: ಮಾರ್ಚ್ ಒಳಗೆ ಸರ್ವಿಸ್‌ಗೆ ಬೇರೆ ವ್ಯವಸ್ಥೆ, ಇಲ್ಲವಾದರೆ ಇಲ್ಲ. ಅಂಜನ್ ಫೋನ್ ಸ್ವಿಚ್ ಆಫ್. ರಂಜಾನ್ ಬೇಗ ಬರಲಿ ಅಂತ ನಾನು ಯಾವತ್ತೂ ಇಷ್ಟು ಕಾದಿರಲಿಲ್ಲ.

ಫೆಬ್ರವರಿ 24, ಮಂಗಳವಾರ. ಸಂಜೆ

ಹೇಳಿಬಿಟ್ಟೆ.

ಮಹಾಲಕ್ಷ್ಮಮ್ಮ ಎಲೆ ತಂದರು. ರೋಜಾ ಅಂದೆ. ಅಯ್ಯೋ ಮರ್ತೇಬಿಟ್ಟೆ ಅಂತ ಪೇಚಾಡಿಕೊಂಡು ಒಳಗೆ ಹೋದರು. ಅಂಜನ್ ಮುಖ ಸಪ್ಪಗಾಯಿತು. ಈಗ ಬಿಟ್ಟರೆ ಆಗಲ್ಲ ಅಂತ ಒಂದೇ ಉಸಿರಿಗೆ ಅಂದೆ — "ಅಂಜನ್, ನೀನು ಕಂಪನಿ ಬಿಡ್ಬೇಕು ಕಣೋ."

ಅವನು ನೆಲ ನೋಡಿಕೊಂಡೇ ಹೇಳಿದ. "ನೀನು ಬರ್ತೀನಿ ಅಂದಾಗೆಲ್ಲ ಅಮ್ಮನ್ ಕೈಲಿ ಅಡ್ಗೆ ಮಾಡ್ಸಿಟ್ಟಿದ್ದು ನಾನೇ ಕಣೇ. ಉಂಡ್ಮೇಲೆ ನೀನು ಹೇಳಲ್ಲ ಅಂತ ಗೊತ್ತಿತ್ತು."

ಸಿಟ್ಟು ನೆತ್ತಿಗೇರಿತು. ಎರಡು ಭಾನುವಾರ! ಆಮೇಲೆ ತಡೆಯಲಾಗದೆ ನಕ್ಕೆ. ಅವನೂ ನಕ್ಕ, ಕಣ್ಣು ಒರೆಸಿಕೊಂಡ. ಕೋರ ಊರಿನ ತೋಟದಲ್ಲಿ ಇವನು ಸ್ಟಾರ್ಟರ್ ಫಿಟ್ ಮಾಡಿದ ಮೇಲೆ ಒಬ್ಬರ ಮೋಟರ್ ಸುಟ್ಟು ಹೋದಾಗ ಊರವರೆಲ್ಲ ಸುತ್ತ ನಿಂತು ಬೈದಿದ್ದರಂತೆ. ಅಂದಿನಿಂದ ರಿಂಗ್ ಕೇಳಿದರೆ ಫೋನನ್ನೇ ಆಫ್ ಮಾಡಿಬಿಡುತ್ತಾನಂತೆ. ಬಿಡ್ತೀನಿ ಅಂದರೆ ಎಲ್ಲ ನನ್ನೊಬ್ಬಳ ತಲೆಗೆ ಕಟ್ಟಿ ಓಡಿಹೋದ ಅನ್ನಿಸಿಕೊಳ್ಳಬೇಕು, ನನ್ನ ಬಾಯಿಂದ ಬಿಡು ಅನ್ನೋದು ಕೇಳಲೂ ಧೈರ್ಯವಿಲ್ಲ... ಅದಕ್ಕೇ ಹೀಗೆ ತಳ್ಳಿಕೊಂಡು ಬಂದನಂತೆ. ಮೊದಲೇ ಹೇಳಬಾರದಿತ್ತಾ, ಪೆದ್ದ.

ಬಸ್ಸಲ್ಲಿ ಅಷ್ಟು ಬಾಯಾರಿಕೆಯಲ್ಲೂ ಹಾಯಾಗಿ ನಿದ್ದೆ ಬಂತು.

ಮಾರ್ಚ್ 5, ಗುರುವಾರ

ಕುಣಿಗಲ್. ಸ್ಟಾರ್ಟರ್ ನಾನೇ ಫಿಟ್ ಮಾಡಿಕೊಟ್ಟೆ. ಪಾರ್ಟ್‌ನರ್ ಎಲ್ಲಿ ಅಂತ ರೇಣುಕಾಪ್ರಸಾದ್ ಕೇಳಿದರು. ಬಿಟ್ಟರು ಸಾರ್, ಸರ್ವಿಸ್‌ಗೆ ಬೇರೆಯವರನ್ನು ತೊಗೊಂಡಿದ್ದೀನಿ ಅಂದೆ. ಜ್ವರ, ಬಸ್ ಮಿಸ್ಸು, ಅಜ್ಜಿ ಸೀರಿಯಸ್ಸು — ಅವನ ಪರವಾಗಿ ಸುಳ್ಳು ಹೆಣೆಯುವ ಕೆಲಸ ಮುಗಿಯಿತು. ಮೊದಲು ಅರ್ಧ ಆರ್ಡರ್, ನೋಡಿಕೊಂಡು ಇನ್ನರ್ಧ ಅಂದರು. ಅಷ್ಟೇ ಸಾಕು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ, ಅಂಜನ್ ಫೋನ್. ಅವನಾಗಿಯೇ ಮಾಡಿ ಎಷ್ಟು ಕಾಲವಾಗಿತ್ತು! ಏನೂ ಕೆಲಸವಿಲ್ಲ, ಸುಮ್ಮನೆ. ಕಾಲೇಜಿನ ಹಾಸ್ಟೆಲ್ ಬೆಕ್ಕು (ಹೆಸರು ಇಬ್ಬರಿಗೂ ನೆನಪಾಗಲಿಲ್ಲ), ಲ್ಯಾಬ್‌ನಲ್ಲಿ ಫ್ಯೂಸ್ ಹಾರಿಸಿದ್ದು, ಅದೂ ಇದೂ. ಇವನು ನಗುವಾಗ ಮಧ್ಯೆ ಬಿಕ್ಕಳಿಸುತ್ತಾನೆ ಅನ್ನುವುದೇ ನನಗೆ ಮರೆತುಹೋಗಿತ್ತು. ಅಜಾನ್ ಆಯಿತು, ರೋಜಾ ಬಿಡಲು ಫೋನ್ ಇಟ್ಟೆ.

ಇದನ್ನು ಬರೆಯುತ್ತಿರುವಾಗ ಮತ್ತೆ ಅವನದೇ ಫೋನ್. ಬೆಕ್ಕಿನ ಹೆಸರು ನೆನಪಾಗಿರಬೇಕು. ಎತ್ತುತ್ತೇನೆ, ಇಲ್ಲಿಗೆ ಸಾಕು.