ಒಳಮನೆಯ ಪಟ್ಟಿ, ಜಗಲಿಯ ಪಟ್ಟಿ

ಪ್ರೀತಿಯ ಮಿಸ್,

ನಲವತ್ತೈದು ತುಂಬಿ ಕಿವಿಯ ಪಕ್ಕ ಬೆಳ್ಳಗಾದ ಮೇಲೂ ನಾನು ನಿಮ್ಮನ್ನು ಮಿಸ್ ಎಂದೇ ಕರೆಯುತ್ತಿದ್ದೆ. "ಈಗ ನೀನೂ ಲೆಕ್ಚರರ್ ಕಣೋ ಶ್ರೀಕಂಠ, ವಿಶಾಲಾಕ್ಷಮ್ಮ ಅಂದ್ರೆ ಸಾಕು" ಎಂದು ನೀವು ಎಷ್ಟು ರೇಗಿಸಿದರೂ ನನ್ನ ನಾಲಿಗೆ ತಿರುಗುತ್ತಿರಲಿಲ್ಲ. ನೀವು ಹೋಗಿ ಎರಡು ವರ್ಷವಾಯಿತು. ಇನ್ನು ಅಭ್ಯಾಸ ಬದಲಿಸುವುದು ಬೇಡ ಬಿಡಿ. ನಿಮಗೆ ಹೇಳಬೇಕಾದ ಒಂದು ತಪ್ಪಿದೆ, ಒಂದು ಸುದ್ದಿಯೂ ಇದೆ. ತಪ್ಪನ್ನು ಮೊದಲು ಹೇಳಬೇಕು ಎಂದು ಕಲಿಸಿದವರು ನೀವೇ. ಆದರೆ ನನಗೆ ಅಷ್ಟು ಧೈರ್ಯವಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ.

ಬನ್ನಿಮಂಟಪದ ನಿಮ್ಮ ಮನೆಗೆ ನಾನು ಮೊದಲು ಬಂದದ್ದು ನನ್ನ ಪಿಯುಸಿ ರಿಸಲ್ಟ್ ಬಂದ ವಾರ, ಅಪ್ಪನ ಜೊತೆ. ನಿಮ್ಮ ಜಗಲಿಯ ಮೇಲೆ ಐದಾರು ಜನ ಹೆತ್ತವರು ಕಾಫಿ ಲೋಟ ಹಿಡಿದು ಕೂತಿದ್ದರು. ಎಲ್ಲರ ತೊಡೆಯ ಮೇಲೂ ಒಂದೊಂದು ಹಾಳೆ. ಕಾಲೇಜಿನ ಅರ್ಜಿ ಮುಟ್ಟುವ ಮೊದಲು ಎರಡು ಪಟ್ಟಿ ಆಗಬೇಕು ಎಂಬ ನಿಮ್ಮ ಪದ್ಧತಿ ಬೀದಿಗೆಲ್ಲ ಗೊತ್ತಿತ್ತು. ಮಗ ಏನು ಓದಬೇಕು, ಮಗಳು ಎಲ್ಲಿ ಓದಬೇಕು ಎಂದು ದೊಡ್ಡವರು ಜಗಲಿಯಲ್ಲಿ ಬರೆಯಬೇಕು. ಮಕ್ಕಳು ಒಬ್ಬೊಬ್ಬರಾಗಿ ಒಳಮನೆಗೆ ಹೋಗಿ, ನಿಮ್ಮ ತಾತ ಅರಮನೆಯ ಕಚೇರಿಯಲ್ಲಿ ಬಳಸುತ್ತಿದ್ದ ಡೆಸ್ಕಿನ ಮುಂದೆ ಕೂತು, ಬಾಗಿಲು ಮುಚ್ಚಿಕೊಂಡು ತಮ್ಮದನ್ನು ಬರೆಯಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಮಗುವಿನ ಪಟ್ಟಿಯನ್ನು ಮಗುವೇ ಅಪ್ಪ ಅಮ್ಮನ ಎದುರು ಗಟ್ಟಿಯಾಗಿ ಓದಬೇಕು. ನೀವು ಯಾರ ಪರವಾಗಿಯೂ ವಾದಿಸುತ್ತಿರಲಿಲ್ಲ. ಓದಿ ಮುಗಿಯುವ ತನಕ ಯಾರೂ ಮಧ್ಯೆ ಬಾಯಿ ಹಾಕದಂತೆ ನೋಡಿಕೊಳ್ಳುತ್ತಿದ್ದಿರಿ, ಅಷ್ಟೆ.

ನನ್ನ ಸರದಿ ಬಂದಾಗ ನಾನು ಬುದ್ಧಿವಂತನಂತೆ ಅಪ್ಪನ ಮನಸ್ಸಿನಲ್ಲಿದ್ದದ್ದನ್ನೇ ಬರೆದು ತಂದಿದ್ದೆ. ನೀವು ಕನ್ನಡಕ ಸರಿಮಾಡಿಕೊಂಡು ನೋಡಿದಿರಿ. "ಅಕ್ಷರ ನಿಂದು, ಪಟ್ಟಿ ನಿಮ್ಮಪ್ಪಂದು. ಹೋಗು, ಇನ್ನೊಂದ್ಸಲ ಕೂತ್ಕೊ" ಎಂದು ಮತ್ತೆ ಒಳಗೆ ಕಳಿಸಿದಿರಿ. ಎರಡನೆಯ ಸಲ ಹಾಳೆಯ ಮೇಲೆ ಒಂದೇ ಸಾಲು ಬರೆದೆ: ಬಿ.ಎ., ಕನ್ನಡ. ಅದನ್ನೇ ಅಪ್ಪನ ಎದುರು ಗಟ್ಟಿಯಾಗಿ ಓದಿದೆ, ನಿಮಗೆ ನೆನಪಿದೆಯೇ? ಅಪ್ಪ ಕಾಫಿ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಬೀದಿಯ ಕಡೆ ನೋಡಿದರು. ಆಮೇಲೆ, "ಮೇಷ್ಟ್ರ ಕೆಲಸ ಆದ್ರೂ ಸಿಗುತ್ತಾ ಅಮ್ಮಾ?" ಎಂದು ನಿಮ್ಮನ್ನು ಕೇಳಿದರು. ಸಿಕ್ಕಿತು. ಇವತ್ತು ನಾನು ಕೆಸರೆಯ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾ ಹೊಟ್ಟೆ ಹೊರೆಯುತ್ತಿದ್ದೇನೆ, ಖುಷಿಯಾಗಿದ್ದೇನೆ.

ಇಷ್ಟೆಲ್ಲ ಪಡೆದವನು ನಾನು ಮಾಡಿದ್ದೇನು? ಮಕ್ಕಳ ಅರ್ಜಿ, ಸಿಇಟಿಯ ಆಪ್ಷನ್ ಎಂಟ್ರಿ ಎಲ್ಲವನ್ನೂ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೇ ಮಾಡಿಸಿ ಎಂದು ಪ್ರಿನ್ಸಿಪಾಲರು ನನಗೆ ವಹಿಸಿದ ಬೇಸಿಗೆ, ನೀವು ಹೋಗುವ ಹಿಂದಿನ ವರ್ಷ, ನಿಮ್ಮ ಬಳಿ ಬಂದು ಜಂಬ ಕೊಚ್ಚಿಕೊಂಡಿದ್ದೆ. "ಈಗೆಲ್ಲ ಆನ್‌ಲೈನ್ ಮಿಸ್, ಒಂದು ಮಗೂಗೆ ಹತ್ತು ನಿಮಿಷ ಸಾಕು" ಎಂದೆ. ನೀವು, "ಮಗೂಗೆ ಹತ್ತು ನಿಮಿಷ ಸಾಲುತ್ತೇನೋ?" ಎಂದಿರಿ. ನಾನು ನಕ್ಕುಬಿಟ್ಟೆ. ಪ್ರತಿ ವರ್ಷ ಕಳಿಸುತ್ತಿದ್ದವನು ಆ ವರ್ಷ ಒಂದು ಮಗುವನ್ನೂ ನಿಮ್ಮ ಮನೆಗೆ ಕಳಿಸಲಿಲ್ಲ. ನೀವು ಯಥಾಪ್ರಕಾರ ಜಗಲಿ ತೊಳೆಸಿ, ಹಾಳೆ ತರಿಸಿ ಕಾದಿದ್ದಿರಿ ಎಂದು ನಿಮ್ಮ ತಂಗಿ ನನಗೆ ಹೇಳಿದ್ದು ನಿಮ್ಮ ಹದಿಮೂರನೆಯ ದಿನ, ಊಟಕ್ಕೆ ಕೂತಾಗ. ಆದರೂ ನನಗೆ ಬುದ್ಧಿ ಬರಲಿಲ್ಲ. ಅದು ಬಂದದ್ದು ಈ ವರ್ಷ, ಚಂದ್ರಿಕಾಳಿಂದ.

ಚಂದ್ರಿಕಾಳನ್ನು ನೀವು ನೋಡಿಲ್ಲ. ಕೆಸರೆಯ ಹುಡುಗಿ, ಅಪ್ಪ ಪುಟ್ಟಸ್ವಾಮಿ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮೂಲ ನರಸೀಪುರದ ಕಡೆಯ ಒಂದು ಹಳ್ಳಿ. ಇವಳು ಗಣಿತ, ಜೀವಶಾಸ್ತ್ರ ಎರಡನ್ನೂ ತೆಗೆದುಕೊಂಡು ಓದಿದವಳು. ಅಪ್ಪ ಗಣಿತವನ್ನು ಮಾತ್ರ ನೋಡಿದ್ದರು, ಮಗಳು ಜೀವಶಾಸ್ತ್ರವನ್ನು ಮಾತ್ರ. ನನಗೆ ಅದು ಆಗ ಗೊತ್ತಿರಲಿಲ್ಲ. ಯಾವ ಕಾಲೇಜಿನಲ್ಲಿ ಯಾವ ಕೋರ್ಸು ಬೇಕೆಂದು ಇಷ್ಟದ ಕ್ರಮದಲ್ಲಿ ತುಂಬುವ ದಿನ ಪುಟ್ಟಸ್ವಾಮಿ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ರೂಲು ಹಾಕಿದ ಹಾಳೆಯಲ್ಲಿ ದುಂಡಗೆ ಬರೆದ ಪಟ್ಟಿ ಅವರ ಕೈಯಲ್ಲಿತ್ತು. ಎಲ್ಲಾ ಕಂಪ್ಯೂಟರ್ ಇಂಜಿನಿಯರಿಂಗು, ಎಲ್ಲಾ ಮೈಸೂರಿನೊಳಗೆ. "ಇದೇ ತಾನೇನಮ್ಮ?" ಎಂದು ನಾನು ಕೇಳಿದೆ. ಅವಳು ತಲೆಯಾಡಿಸಿದಳು. ಅಪ್ಪ ಪಕ್ಕದಲ್ಲಿ, ಸಾರ್ ಎದುರಿಗೆ, ಹಿಂದೆ ಇಪ್ಪತ್ತು ಮಕ್ಕಳ ಸಾಲು. ಯಾವ ಹುಡುಗಿ ತಲೆ ಅಲ್ಲಾಡಿಸುವುದಿಲ್ಲ? ಹತ್ತು ನಿಮಿಷದಲ್ಲಿ ಮುಗಿಸಿ ಮುಂದಿನವರನ್ನು ಕರೆದೆ. ಇದೇ ಮಿಸ್, ನಾನು ಹೇಳಬೇಕಾಗಿದ್ದ ತಪ್ಪು.

ಕೆಲವು ದಿನಗಳಾದ ಮೇಲೆ ಅಣಕು ಹಂಚಿಕೆ ಬಂತು. ನಿಜವಾದ ಸೀಟು ಕೊಡುವ ಮುಂಚೆ, ನಿಮ್ಮ ಕ್ರಮ ಹೀಗಿದ್ದರೆ ಇಂಥದ್ದು ಸಿಗಬಹುದು ಎಂದು ತೋರಿಸುತ್ತಾರಲ್ಲ, ಅದು. ಚಂದ್ರಿಕಾಗೆ ಅಪ್ಪನ ಪಟ್ಟಿಯ ಮೊದಲನೆಯದೇ ಬಂದಿತ್ತು. ಮರುದಿನ ಬೆಳಗ್ಗೆ ಪೇಡದ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಎಲ್ಲರಿಗೂ ಕೊಟ್ಟು, ನನ್ನ ಮೇಜಿನ ಹತ್ತಿರ ನಿಂತೇ ಇದ್ದಳು. "ಸಾರ್, ಇದನ್ನ ಬದಲಾಯಿಸೋಕೆ ಆಗುತ್ತಾ?" ಎಂದು ಕೇಳಿದಳು. ಮಧ್ಯಾಹ್ನ ಎರಡು ಗಂಟೆಯವರೆಗೆ ಮಾತ್ರ ಅವಕಾಶವಿತ್ತು. ಪೇಡ ನನ್ನ ಬಾಯಲ್ಲಿತ್ತು, ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಲೈಬ್ರರಿಯ ಪಕ್ಕದ ಖಾಲಿ ಕೋಣೆಯಲ್ಲಿ ಅವಳನ್ನು ಕೂರಿಸಿ, ಹಾಳೆ ಕೊಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತೆ. ಕಾಲು ಗಂಟೆಗೆ ಬಂದಳು. ಪಶುವೈದ್ಯಕೀಯ, ಹಾಸನ. ಪಶುವೈದ್ಯಕೀಯ, ಶಿವಮೊಗ್ಗ. ಪಶುವೈದ್ಯಕೀಯ, ಬೀದರ್. ಯಾಕಮ್ಮ ಎಂದು ಕೇಳಿದ್ದಕ್ಕೆ ಅವಳು ಹೇಳಿದ ಮಾತನ್ನು ನಿಮಗೆ ಹಾಗೆಯೇ ಹೇಳಬೇಕು. "ಅಜ್ಜಿ ಮನೇಲಿ ಎಮ್ಮೆ ಕರು ಹಾಕೋಕೆ ಕಷ್ಟಪಡ್ತಿತ್ತು ಸಾರ್. ಡಾಕ್ಟ್ರು ಬಂದು, ಹಗ್ಗದ ಒಂದು ತುದಿ ನನ್ನ ಕೈಗೇ ಕೊಟ್ರು. ಎಳೆದ್ವಿ. ಕರು ಬಂತು, ಆದ್ರೆ ಉಸಿರೇ ಆಡ್ತಿರ್ಲಿಲ್ಲ. ಡಾಕ್ಟ್ರು ಒಂದು ಹುಲ್ಲುಕಡ್ಡಿ ತಗೊಂಡು ಅದರ ಮೂಗೊಳಗೆ ಆಡಿಸಿದ್ರು. ಅದು ಸೀನ್ತು ಸಾರ್! ಸೀನಿ ಉಸಿರಾಡ್ತು. ಅವತ್ತಿಂದ ನಂಗೆ ಬೇರೆ ಏನೂ ಆಗೋಕೆ ಇಷ್ಟ ಇಲ್ಲ." ಎರಡು ವರ್ಷ ನನ್ನ ತರಗತಿಯಲ್ಲಿ ಕೂತಿದ್ದ ಹುಡುಗಿ ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಬದಲಾಯಿಸಬೇಕೆಂದರೆ ಒಟಿಪಿ ಬೇಕು, ಅದು ಬರುವುದು ಅಪ್ಪನ ಮೊಬೈಲಿಗೆ. ಅಪ್ಪ ಶಿಫ್ಟಿನಲ್ಲಿದ್ದಾರೆ, ಮೊಬೈಲು ಕಾರ್ಖಾನೆಯ ಗೇಟಿನ ಸೆಕ್ಯುರಿಟಿಯವರ ಹತ್ತಿರ. ಲ್ಯಾಪ್‌ಟಾಪ್ ಬ್ಯಾಗು ಅವಳ ತೊಡೆಯ ಮೇಲಿಟ್ಟು ಸ್ಕೂಟರಿನಲ್ಲಿ ಮೇಟಗಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಪುಟ್ಟಸ್ವಾಮಿಗೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಭಾಷಣ ಜೋಡಿಸುತ್ತಿದ್ದೆ. ಊಟದ ಬಿಡುವಿನಲ್ಲಿ ಅವರು ಗಾಬರಿಯಿಂದ ಓಡಿಬಂದರು. ಆ ಮುಖ ನೋಡಿದ ಮೇಲೆ ಭಾಷಣವೆಲ್ಲ ಮರೆತುಹೋಯಿತು. "ಮಗಳು ಒಂದು ಪಟ್ಟಿ ಬರೆದಿದ್ದಾಳೆ ಪುಟ್ಟಸ್ವಾಮಿಯವರೇ. ಓದಿ ಮುಗಿಸೋವರೆಗೂ ದಯವಿಟ್ಟು ಮಾತಾಡಬೇಡಿ" ಎಂದೆ. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಂತು ಅವಳು ಓದಿದಳು.

"ಏನ್ ಸಾ ಇದು?" ಎಂದರು ಪುಟ್ಟಸ್ವಾಮಿ, ಅವಳನ್ನು ಬಿಟ್ಟು ನನ್ನನ್ನು ನೋಡಿ. "ನನ್ ಮಕ್ಳು ಸಗಣಿ ಬಾಚೋದು ಬ್ಯಾಡ ಅಂತಾನೇ ನಾನು ಊರ್ ಬುಟ್ಟು ಬಂದಿದ್ದು. ಇಷ್ಟೆಲ್ಲಾ ಓದ್ಕಂಡು ಇವ್ಳು ಮತ್ತೆ ದನದ್ ಇಂದ್ಕೇ ಓಯ್ತಾಳಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಚಂದ್ರಿಕಾ ಹೇಳಿದಳು: "ಅಪ್ಪಾ, ಊರಿಗೆ ಹೋದಾಗ ನೀನು ಚಪ್ಪಲಿ ಬಿಟ್ಟು ಮೊದ್ಲು ಹೋಗೋದೆಲ್ಲಿಗೆ? ಅಜ್ಜೀನ ಮಾತಾಡ್ಸೋಕೂ ಮುಂಚೆ?"

ಕೊಟ್ಟಿಗೆಗೆ ಎಂದು ಅವರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಪುಟ್ಟಸ್ವಾಮಿ ಒಳಗೆ ಹೋಗಿ ಸೆಕ್ಯುರಿಟಿಯವನಿಂದ ಮೊಬೈಲು ಈಸಿಕೊಂಡು ಬಂದರು. ಮೊದಲ ಒಟಿಪಿ ಬಂತು, ಅವರು ಜೇಬಿನಲ್ಲಿ ಕನ್ನಡಕ ಹುಡುಕುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಎರಡನೆಯದನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. "ನನ್ ಪಟ್ಟೀನ ಅಳಿಸ್ಬುಡ್ಬೇಡಿ ಸಾ, ಕೆಳಗಾದ್ರೂ ಇರ್ಲಿ" ಎಂದರು. ಅಳಿಸಲಿಲ್ಲ. ಮಗಳ ಮೂರು, ಅದರ ಕೆಳಗೆ ಅಪ್ಪನವು ಅಷ್ಟೂ. ಎರಡು ಗಂಟೆಗೆ ಇನ್ನೂ ಅರ್ಧ ಗಂಟೆಯಿತ್ತು. ಅವರಿಗೆ ಮಾತ್ರ ಊಟ ತಪ್ಪಿತು.

ನಿಜವಾದ ಹಂಚಿಕೆ ಬರುವವರೆಗೆ ನನಗೆ ನೆಮ್ಮದಿ ಇರಲಿಲ್ಲ. ಒಂದು ಸಂಸಾರದ ಮಧ್ಯೆ ನಾನು ಕೈ ಹಾಕಿದೆನೇ? ಆ ಮನುಷ್ಯ ತನ್ನ ಆಯಸ್ಸೆಲ್ಲ ಕೂಡಿಟ್ಟ ಒಂದು ಆಸೆಯನ್ನು ಗೇಟಿನ ಮುಂದೆ ನಿಲ್ಲಿಸಿ ಕಿತ್ತುಕೊಂಡೆನೇ? ನಿಮಗೂ ಹೀಗೆಲ್ಲ ಅನ್ನಿಸುತ್ತಿತ್ತೇ ಮಿಸ್? ನನ್ನಪ್ಪ ಬೀದಿ ನೋಡುತ್ತಾ ಕೂತಿದ್ದ ಹೊತ್ತಿನಲ್ಲಿ ನೀವೂ ಒಳಗೊಳಗೇ... ಇರಲಿ, ಅದನ್ನು ನಾನು ನೀವಿದ್ದಾಗ ಕೇಳಬೇಕಿತ್ತು. ಹಾಸನ ಬರಲಿಲ್ಲ, ಶಿವಮೊಗ್ಗವೂ ಬರಲಿಲ್ಲ. ಬಂದದ್ದು ಬೀದರ್. ಮೂರರಲ್ಲಿ ಅತಿ ದೂರದ್ದು. ಪುಟ್ಟಸ್ವಾಮಿ ಫೋನಿನಲ್ಲಿ, "ಬೀದರ್ ಅಂದ್ರೆ ನಮ್ ಕರ್ನಾಟಕ ಮುಗಿಯೋ ಜಾಗ ಅಲ್ವಾ ಸಾ?" ಎಂದಷ್ಟೇ ಕೇಳಿ, ರಜೆ ಬರೆದುಕೊಟ್ಟು, ಮಗಳನ್ನು ತಾವೇ ಕರೆದುಕೊಂಡು ಹೋದರು.

ಇವತ್ತು ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನಿಂದ ನೇರವಾಗಿ ಕಾಲೇಜಿಗೆ ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಕೂರಿಸಿ ನೀರು ಕೊಟ್ಟೆ.

"ಕಾಲೇಜು ಚೆನ್ನಾಗದೆ ಸಾ. ಗೇಟಿಂದ ಒಳಕ್ಕೆ ನಡೀತಾನೇ ಇರ್ಬೇಕು" ಎಂದು ಶುರು ಮಾಡಿದರು. "ಅಲ್ಲೊಂದು ಕೊಟ್ಗೇಲಿ ಅಸ ಮನಗಿತ್ತು, ಉಸಾರಿಲ್ದೆ. ಓದೋ ಐಕ್ಳು ನಾಕಾರು ಜನ ಸುತ್ತ ನಿಂತಿದ್ರು. ಇವ್ಳು ಬ್ಯಾಗ್ನ ನನ್ ಕೈಗ್ ಕೊಟ್ಬುಟ್ಟು ಓಡೋದ್ಳು. ನನ್ಗೆ ರೈಲಿಗೆ ಒತ್ತಾಗಿತ್ತು, ಬತ್ತೀನಿ ಕಣವ್ವ ಅಂತ ಕೂಗ್ದೆ. ಅಲ್ಲಿಂದ್ಲೇ ಕೈ ಆಡ್ಸುದ್ಲು ಸಾ. ತಿರುಗಿ ನೋಡ್ನೇ ಇಲ್ಲ."

"ಬೇಜಾರಾಯ್ತಾ?" ಎಂದೆ.

"ಊಂ ಸಾ, ಆಗ್ದೇ ಇರ್ತದಾ? ಆಮೇಕೆ ರೈಲಲ್ಲಿ ಗ್ಯಾನ ಬಂತು. ನಾನೂ ಊರಿಂದ ಅಂಗೇ ಬಂದ್ಬುಟ್ಟೆ. ನಮ್ಮಪ್ಪ ಬಾಗ್ಲಲ್ಲಿ ನಿಂತಿದ್ನಂತೆ. ಎಷ್ಟೊತ್ತು ನಿಂತಿದ್ನೋ, ನಾನ್ ಒಂದಿನಾನೂ ಕೇಳ್ನಿಲ್ಲ. ಈಗ ಕೇಳಾನ ಅಂದ್ರೆ ಅವ್ನಿಲ್ಲ." ಅವರು ಕಣ್ಣೊರೆಸಿಕೊಂಡು ನಕ್ಕರು. "ಓಗ್ಲಿ ಬುಡಿ. ಮಗು ಸರ್ಯಾದ್ ಜಾಗಕ್ಕೇ ಸೇರ್ತು."

ಅವರನ್ನು ಕೆಸರೆ ಬಸ್ಸಿಗೆ ಹತ್ತಿಸಿ ಬಂದು ಈ ಪತ್ರ ಬರೆಯಲು ಕೂತೆ. ಮುಂದಿನ ಬೇಸಿಗೆಗೆ ಆ ಖಾಲಿ ಕೋಣೆಯನ್ನು ನನಗೆ ಬಿಟ್ಟುಕೊಡಲು ಪ್ರಿನ್ಸಿಪಾಲರು ಒಪ್ಪಿದ್ದಾರೆ. ಒಂದು ಮಗುವಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಡುತ್ತೇನೆ, ಇದು ನಿಮಗೆ ಮಾತು. ಸುದ್ದಿಯೂ ಇಷ್ಟೇ. ಆದರೆ ಪುಟ್ಟಸ್ವಾಮಿ ಬಸ್ಸು ಹತ್ತಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಾನು ಕೊನೆಯ ಸಲ ನಿಮ್ಮಲ್ಲಿಗೆ ಬಂದದ್ದು ನೀವು ಹೋದ ವರ್ಷದ ಯುಗಾದಿಯ ಬೆಳಗ್ಗೆ. ನೀವು ಬೇವು ಬೆಲ್ಲ ಕೊಟ್ಟು, ಮೊಣಕಾಲು ನೋವಿನಲ್ಲೂ ಗೇಟಿನವರೆಗೆ ಬಂದಿರಿ. "ಇನ್ನೂ ನಾಕು ಮನೆಗೆ ಹೋಗ್ಬೇಕು ಮಿಸ್" ಎನ್ನುತ್ತಾ ಸ್ಕೂಟರ್ ಹತ್ತಿ ಹೊರಟುಬಿಟ್ಟೆ. ನಾನೂ ತಿರುಗಿ ನೋಡಲಿಲ್ಲ.

ನೀವು ಎಷ್ಟು ಹೊತ್ತು ನಿಂತಿದ್ದಿರಿ ಮಿಸ್?

ನಿಮ್ಮ,
ಶ್ರೀಕಂಠ