ಸಿಂಹದ ಮುಖಕ್ಕೆ ಮೆತ್ತಿದ ಪತ್ರಗಳು

ಮಾವನಿಗೆ ಅಕ್ಕನ ಮಗಳ ನಮಸ್ಕಾರ.

ನೀವು ಇಪ್ಪತ್ತು ವರ್ಷ ನೋಡಿಕೊಂಡ ಬಂದರಿನ ಕಲ್ಲಿನ ಸಿಂಹ ಈಗ ನನ್ನ ಪಾಲಿಗೆ ಬಂದಿದೆ. ಇವತ್ತಿಗೂ ಅದನ್ನು ಸಮುದ್ರದ ನೀರಿನಲ್ಲೇ ತೊಳೆಯುತ್ತಾರೆ. ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ ಮೂಗು ಹಿಟ್ಟಿನಂತೆ ಉದುರುತ್ತಿದೆ. "ಬೆಳ್ಳಗಾಗ್ತಿದೆ ಅಂದ್ರೆ ಸ್ವಚ್ಛ ಆಗ್ತಿದೆ ಅಂತ ತಾನೆ," ಎಂದರು ಇಲ್ಲಿನ ಬಂದರು ಕಚೇರಿಯ ಸಾಹೇಬರು.

ಉಪ್ಪು ಹೀರಲು ಒದ್ದೆ ಕಾಗದದ ಮುದ್ದೆ ಮೆತ್ತಬೇಕು, ಕಾಗದ ಕೊಡಿಸಿ ಎಂದೆ. ಹಳೆಯ ಬೀರು ತೋರಿಸಿದರು. ತೆರೆದರೆ ತುಂಬ ನಿಮ್ಮ ಪತ್ರಗಳೇ. ಸಿಂಹಕ್ಕೆ ಸಮುದ್ರದ ನೀರು ಹಾಕಬೇಡಿ ಎಂದು ನೀವು ವರ್ಷವರ್ಷವೂ ಈ ಕಚೇರಿಗೆ ಬರೆದವು. ಒಂದು ಲಕೋಟೆಯನ್ನೂ ಯಾರೂ ಒಡೆದಿರಲಿಲ್ಲ. ಹರಿಯಲು ಕೈ ಬರಲಿಲ್ಲ ಮಾವ. ಆದರೂ ಸಿಂಹದ ಮುಖ ನೋಡಿ ನೆನೆಹಾಕಿದೆ, ಶಾಯಿ ತಾಗದಂತೆ ತೆಳು ಬಟ್ಟೆ ಹಾಸಿ ಮೆತ್ತಿದೆ. ನಾಲ್ಕನೇ ದಿನ ಮುದ್ದೆ ಉಪ್ಪು ಕುಡಿದು ಹಪ್ಪಳದಂತೆ ಕಳಚಿ ಬಂತು. ಮೂಗು ಅರ್ಧವಾದರೂ ಉಳಿಯಿತು.

ನನ್ನ ಬೆರಳುಗಳು ಬಿರುಕು ಬಿಟ್ಟಿವೆ, ಮುಲಾಮು ಹಚ್ಚುತ್ತಿದ್ದೇನೆ, ಅಮ್ಮನಿಗೆ ಹೇಳಬೇಡಿ. ಸಾಹೇಬರಿಗೆ ಈಗ ನಿಮ್ಮ ಮೇಲೆ ಬಹಳ ಗೌರವ. "ಇನ್ನೂ ಮೂರು ಸಿಂಹ ಬಾಕಿ ಇವೆ. ನಿಮ್ಮ ಮಾವನಿಗೆ ಇನ್ನೊಂದಿಷ್ಟು ಪತ್ರ ಬರೆದು ಕಳಿಸೋಕೆ ಹೇಳಮ್ಮ," ಎಂದರು.

ಕಾರ್ಡು ತುಂಬಿತು.
ನಿಮ್ಮ ಸೊಸೆ