ಬಣ್ಣದ ಅಂಗಡಿಯ ಪಾಪಡಖಾರ

ಬನಹಟ್ಟಿ, ೧೨ ಮಾರ್ಚ್ ೧೯೬೮, ಮಂಗಳವಾರ

ಆ ಪೊಟ್ಟಣ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹಪ್ಪಳದ ಹಿಟ್ಟಿಗೆ ಬೆರೆಸುವ ಪಾಪಡಖಾರಕ್ಕಾಗಿ ಈ ಹೊಸ ಊರಿನಲ್ಲಿ ಮೂರು ಕಿರಾಣಿ ಅಂಗಡಿ ಅಲೆದೆ. ಎಲ್ಲಿಯೂ ಇರಲಿಲ್ಲ. ಕೊನೆಗೆ ನೂಲಿನ ಬಣ್ಣ ಮಾರುವವನ ಹತ್ತಿರ ಅಂಥದೇ ಬಿಳಿ ಪುಡಿ ಕಂಡು, ಬೆರಳು ತೋರಿಸಿ ಕೊಂಡೆ. ಯಾತಕ್ಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಪಕ್ಕದ ಮನೆಯ ನೇಕಾರ ಗಿರಿಮಲ್ಲಪ್ಪ ನೂಲು ಕುದಿಸುವ ಹಂಡೆಗೆ ಅದೇ ಅಂಗಡಿಯ ಅಂಥದೇ ಪೊಟ್ಟಣ ಬಿಚ್ಚಿ ಸುರಿಯುತ್ತಿದ್ದ. "ದೂರ ನಿಲ್ರಿ ಮಾಸ್ತರ್ರ, ಕೈಗೆ ಹತ್ತಿದ್ರ ಸುಡತೈತಿ," ಎಂದ.

ಮನೆಗೆ ಓಡಿಬಂದೆ. ಹೆಂಡತಿ ಶಿವಗಂಗಾ ಆ ಪುಡಿ ಬೆರೆಸಿ ಹಿಟ್ಟು ಕುಟ್ಟಿ ಮುಗಿಸಿ, ರುಚಿಯನ್ನೂ ನೋಡಿದ್ದಳು.

"ಛಲೋ ಆಗೈತ್ರಿ. ನಾಳೆ ಓಣಿ ಹೆಂಗಸ್ರು ಲಟ್ಟಿಸಾಕ ಬರತಾರ."

ಅವರ ಮಕ್ಕಳೂ ಬರುತ್ತವೆ, ಎಣ್ಣೆ ಹಚ್ಚಿದ ಹಸಿ ಉಂಡೆ ತಿನ್ನಲು.

ಹಿಟ್ಟಿನ ಉದ್ದು ಅವಳ ತವರಿನಿಂದ ಬಂದದ್ದು. ಎಲ್ಲ ಚೆಲ್ಲು ಎಂದರೆ ಅವಳಿಗೆ ಬರುವ ಸಿಟ್ಟು ನೆನೆದು ಪುಡಿಯ ವಿಷಯ ಮುಚ್ಚಿಟ್ಟೆ. ಈಗ ಅವಳು ಮಲಗಿದಲ್ಲೇ ಕೆಮ್ಮಿದರೂ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ.

ನಾನೇ ಒಂದು ಉಂಡೆ ತಿಂದು ನೋಡಿದೆ. ನಾಲಿಗೆ ಉರಿಯುತ್ತಿದೆ. ಹಿಟ್ಟಿನಲ್ಲಿ ಮೆಣಸಿದೆ, ಅದಕ್ಕೂ ಹೀಗೆಯೇ ಉರಿಯಬಹುದು. ಬೆಳಗಾದ ಮೇಲೆ ಹೇಳಿದರಾಯಿತು ಎಂದು—

ಒಳಗಿನಿಂದ ಕೂಗುತ್ತಿದ್ದಾಳೆ: "ಏನ್ರೀ, ಒಂದ್ ತಂಬಗಿ ನೀರು ತರ್ರಿ. ಗಂಟಲ ಉರ್ಯಾಕತ್ತೈತಿ."